ಬೆಳಗ್ಗೆ ಏಳದ ಸಿಪಿಯು

ಕಂಪ್ಯೂಟರ್ ಆನ್ ಆಗುತ್ತಿಲ್ಲ ಅಂದ ತಕ್ಷಣ ನಮ್ಮ ಊರಲ್ಲಿ ಸಿಗುವ ಮೊದಲ ಸಲಹೆ, ‘ವಿಂಡೋಸ್ ಹೊಡೆಸಿಬಿಡ್ರಿ’. ಈ ಸಿಪಿಯುಗೂ ಅದೇ ಆಗಿತ್ತು. ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆಯ ಒಬ್ಬ ವ್ಯಾಪಾರಿಯದು. ಟ್ಯಾಲಿ, ಬಿಲ್ಲು, ಇಷ್ಟೇ ಅದರ ಕೆಲಸ. ಬೇರೆ ಕಡೆ ಫಾರ್ಮ್ಯಾಟ್ ಆಗಿ, ಕಾಯಿಲೆ ಹಾಗೇ ಉಳಿದು, ಕೊನೆಗೆ ನನ್ನ ಟೇಬಲ್ಲಿಗೆ ಬಂತು.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ನಾನು ಕೇಳುವುದು ಒಂದೇ: ಎಲ್ಲಿಗೆ ಬಂದು ನಿಲ್ಲುತ್ತದೆ? ಫ್ಯಾನೇ ತಿರುಗದಿದ್ದರೆ ಕರೆಂಟು ಬರುವ ದಾರಿ ನೋಡಬೇಕು. ಫ್ಯಾನ್ ತಿರುಗಿ ಪರದೆ ಕಪ್ಪಗೇ ಇದ್ದರೆ ರ‍್ಯಾಮ್, ಡಿಸ್‌ಪ್ಲೇ, ಬೋರ್ಡ್. ಲೋಗೋ ಬಂದು ‘ಬೂಟ್ ಡಿವೈಸ್’ ಸಿಗಲಿಲ್ಲ ಅಂದರೆ ಡಿಸ್ಕು, ಇಲ್ಲವೇ ಅದರ ಕೇಬಲ್ಲು. ಇದೆಲ್ಲ ದಾಟಿ ಚುಕ್ಕಿಗಳು ಸುಮ್ನೆ ಸುತ್ತುತ್ತಾ ಕೂತರೆ, ಆಗ ವಿಂಡೋಸ್ ಮೇಲೆ ಅನುಮಾನ ಪಡಬಹುದು.

“ಬೆಳಗ್ಗೆ ಬಟನ್ ಒತ್ತಿದ್ರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡ್ತದೆ ನೋಡ್ರಿ. ಒತ್ತಿ ಒತ್ತಿ ಸಾಕಾಗ್ತದೆ. ಒಮ್ಮೆ ಆನ್ ಆತು ಅಂದ್ರೆ ರಾತ್ರಿವರೆಗೂ ಏನೂ ತಕರಾರಿಲ್ಲ” ಅಂದರು.

“ಮಧ್ಯಾಹ್ನ ರೀಸ್ಟಾರ್ಟ್ ಮಾಡಿದ್ರೆ?”

“ಆಗ್ತದ್ರಿ.”

“ರಾತ್ರಿ ಗೋಡೆ ಸ್ವಿಚ್ಚೂ ಆಫ್ ಮಾಡ್ತೀರಾ?”

“ಹೌದ್ರಿ. ಮರೆತುಹೋದ ದಿನ ಮಾತ್ರ ಬೆಳಗ್ಗೆ ಒಂದೇ ಸಲಕ್ಕೆ ಆನ್ ಆಗ್ತದೆ.”

ಈ ಕೊನೆಯ ಮಾತಿಗೆ ನನ್ನ ಕಿವಿ ನೆಟ್ಟಗಾಯಿತು. ಲೋಗೋವರೆಗೂ ಬರದ ಗಾಡಿಯಲ್ಲಿ ವಿಂಡೋಸ್ ಇನ್ನೂ ಕೆಲಸವನ್ನೇ ಶುರು ಮಾಡಿರುವುದಿಲ್ಲ. ಅದನ್ನು ಎಷ್ಟು ಸಲ ಹೊಸದಾಗಿ ಹಾಕಿದರೂ ಅಷ್ಟೇ ಅಲ್ವಾ?

ಮೊದಲು ಡಿಸ್ಕ್ ಬಿಚ್ಚಿ ಟ್ಯಾಲಿ ಡೇಟಾ ಕಾಪಿ ಮಾಡಿಟ್ಟೆ. ಗಿರಾಕಿಯ ಲೆಕ್ಕಪತ್ರ ಇರುವ ಡಿಸ್ಕ್ ಇಟ್ಟುಕೊಂಡು ಪ್ರಯೋಗ ಮಾಡುವ ಧೈರ್ಯ ನನಗಿಲ್ಲ. ಆಮೇಲೆ ಬ್ಲೋವರ್ ಹಿಡಿದೆ. ಭಟ್ಟಿ ಹತ್ತಿರದ ಸಿಪಿಯುಗಳ ಧೂಳೇ ಬೇರೆ. ಊದಿದರೆ ಹಾರಿಹೋಗುವ ಧೂಳಲ್ಲ, ಮಸಿ ಸೇರಿ ಪ್ರೊಸೆಸರ್ ಬಿಸಿ ಇಳಿಸುವ ಹೀಟ್‌ಸಿಂಕ್ ಸಂದಿಯಲ್ಲಿ ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತದೆ. ಬ್ರಶ್‌ನಿಂದ ಎಬ್ಬಿಸಿ ಆಮೇಲೆ ಊದಬೇಕು. ಊದುವಾಗ ಫ್ಯಾನ್ ರೆಕ್ಕೆಗೆ ಬೆರಳು ಅಡ್ಡ ಕೊಡಿ. ಬ್ಲೋವರ್ ಗಾಳಿಗೆ ಫ್ಯಾನ್ ಮಿತಿಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ. ರ‍್ಯಾಮ್ ಕಿತ್ತು ಚಿನ್ನದ ಬಣ್ಣದ ಕಾಲುಗಳನ್ನು ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಕೂರಿಸಿದೆ.

ಇನ್ನು ಬಟನ್. ಒತ್ತಿದ್ದು ಮೇಲೆ ಬಾರದೆ ಒಳಗೇ ಸಿಕ್ಕಿಕೊಂಡರೂ ಸಿಪಿಯು ಆನ್ ಆಗಿ ಆಫ್ ಆಗುತ್ತದೆ. ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದರೆ ಆಫ್ ಆಗಬೇಕು ಅನ್ನುವುದೇ ನಿಯಮ ತಾನೇ. ಬಟನ್ನಿನ ವೈರನ್ನು ಬೋರ್ಡ್‌ನಿಂದ ಕಿತ್ತು, ಅಲ್ಲಿನ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದೆ. ಗಾಡಿ ಸಲೀಸಾಗಿ ಆನ್ ಆಯಿತು. ಆಗಲೇ ಮಧ್ಯಾಹ್ನ. ಗಿರಾಕಿ ಹೇಳಿದ ಹಾಗೆ, ಮಧ್ಯಾಹ್ನ ಎಲ್ಲವೂ ಸರಿಯೇ. ಹೊತ್ತು ನೋಡಿ ಬರುವ ಕಾಯಿಲೆಯನ್ನು ಅದು ಬರುವ ಹೊತ್ತಲ್ಲೇ ಹಿಡಿಯಬೇಕು. ಪ್ಲಗ್ ಕಿತ್ತು ರಾತ್ರಿಯಿಡೀ ಹಾಗೇ ಬಿಟ್ಟೆ.

ಬೆಳಗ್ಗೆ ಅಂಗಡಿ ತೆರೆದು ಡಿಸ್ಕ್, ಡಿವಿಡಿ, ಎಲ್ಲದರ ವೈರ್ ಕಿತ್ತೆ. ಉಳಿದದ್ದು ಬೋರ್ಡ್, ಪ್ರೊಸೆಸರ್, ಒಂದು ರ‍್ಯಾಮ್, ಎಸ್‌ಎಂಪಿಎಸ್. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಬೋರ್ಡಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬಿ. ಪಿನ್ ಮುಟ್ಟಿಸಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಬಟನ್ನಿಂದ ಅಲ್ಲ, ಡಿಸ್ಕಿನಿಂದ ಅಲ್ಲ ಅಂತ ಅಷ್ಟಕ್ಕೇ ಗೊತ್ತಾಯಿತು.

ಮದರ್‌ಬೋರ್ಡ್‌ಗೆ ಹೋಗುವ 24 ಪಿನ್ನಿನ ದಪ್ಪ ಕನೆಕ್ಟರ್‌ನಲ್ಲಿ ಒಂದು ನೇರಳೆ ವೈರ್ ಇರುತ್ತದೆ. ಸಿಪಿಯು ಆಫ್ ಇದ್ದಾಗಲೂ, ಗೋಡೆ ಸ್ವಿಚ್ ಆನ್ ಇದ್ದರೆ ಸಾಕು, ಅದರಲ್ಲಿ 5 ವೋಲ್ಟ್ ಇರಬೇಕು. ಬಟನ್ ಒತ್ತಿದ್ದನ್ನು ಬೋರ್ಡ್ ತಿಳಿದುಕೊಳ್ಳುವುದೇ ಈ ಕರೆಂಟಿನಿಂದ. ಶೇಕಡಾ 5 ಹೆಚ್ಚುಕಡಿಮೆ ನಡೆಯುತ್ತದೆ, ಅಂದರೆ 4.75ರಿಂದ 5.25. ಮಲ್ಟಿಮೀಟರ್‌ನ ಕಪ್ಪು ಮೊನೆಯನ್ನು ಕಪ್ಪು ವೈರಿಗೆ, ಕೆಂಪು ಮೊನೆಯನ್ನು ಕನೆಕ್ಟರ್ ಹಿಂಬದಿಯಿಂದ ನೇರಳೆ ವೈರಿಗೆ ಸೇರಿಸಿದೆ. ಸುಮ್ಮನಿದ್ದಾಗ 4.9. ಪರವಾಗಿಲ್ಲ. ಮೀಟರನ್ನು ಮಿನ್-ಮ್ಯಾಕ್ಸ್‌ಗೆ (ಅತಿ ಕಡಿಮೆ, ಅತಿ ಹೆಚ್ಚು ಅಂಕಿ ಹಿಡಿದಿಡುವ ಸೆಟ್ಟಿಂಗ್) ಇಟ್ಟು ಮತ್ತೆ ಆನ್ ಮಾಡಿದರೆ 4.1ಕ್ಕೆ ಬಿದ್ದಿತ್ತು! ಬರೀ ಕಣ್ಣಲ್ಲಿ ನೋಡಿದರೆ ಅಂಕಿ ಬಿದ್ದು ಎದ್ದದ್ದು ಕಾಣುವುದೇ ಇಲ್ಲ, ಅಷ್ಟು ಬೇಗ. ಪ್ಲಗ್ ಹಾಕಿ ಹಾಗೇ ಬಿಟ್ಟು, ಟೀ ಕುಡಿದು ಬಂದು ನೋಡಿದೆ. ಈಗ ಅಷ್ಟು ಬೀಳಲಿಲ್ಲ, ಗಾಡಿಯೂ ಆನ್ ಆಯಿತು.

ಎಸ್‌ಎಂಪಿಎಸ್ ಒಳಗೆ ಕರೆಂಟನ್ನು ಕೂಡಿಟ್ಟು ಏರಿಳಿತ ಸಮ ಮಾಡುವ ಕೆಪಾಸಿಟರ್‌ಗಳಲ್ಲಿ ಒಂಥರಾ ದ್ರವ ಇರುತ್ತದೆ. ವರ್ಷಗಟ್ಟಲೆ ಬಿಸಿಗೆ ಅದು ಒಣಗುತ್ತಾ ಬಂದು, ಕೆಪಾಸಿಟರ್ ಒಳಗಿನ ರೆಸಿಸ್ಟೆನ್ಸ್ ಜಾಸ್ತಿಯಾಗುತ್ತದೆ. ತಣ್ಣಗಿದ್ದಾಗ ಇನ್ನೂ ಜಾಸ್ತಿ, ಸ್ವಲ್ಪ ಬೆಚ್ಚಗಾದರೆ ಕಡಿಮೆ. ಗೋಡೆ ಸ್ವಿಚ್ ಆನ್ ಇದ್ದ ರಾತ್ರಿ ಆ ಭಾಗ ಬೆಚ್ಚಗೇ ಇರುತ್ತದೆ. ಅದಕ್ಕೇ ಮರೆತ ದಿನ ತಕರಾರಿಲ್ಲ. ಡಿಸೆಂಬರ್ ಚಳಿಯಲ್ಲಿ ಈ ಥರದ ಸಿಪಿಯುಗಳು ನನ್ನ ಹತ್ತಿರ ಜಾಸ್ತಿ ಬರುತ್ತವೆ.

ಇಲ್ಲಿ ಒಂದು ಮಾತು. ಬೋರ್ಡಿನಿಂದ ಕಿತ್ತ ಅದೇ ಕನೆಕ್ಟರ್‌ನ ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ, ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಚೆನ್ನಾಗಿದೆ ಅನ್ನುವವರು ತುಂಬಾ ಜನ. ಈ ಎಸ್‌ಎಂಪಿಎಸ್ ಕೂಡ ಆ ಪರೀಕ್ಷೆಯಲ್ಲಿ ಪಾಸಾಯಿತು. ಕ್ಲಿಪ್ ಹಾಕಿದಾಗ ಅದರ ಮೇಲೆ ಲೋಡೇ ಇರುವುದಿಲ್ಲ. ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಲು ಆ ಪರೀಕ್ಷೆ ಸಾಕು, ಚೆನ್ನಾಗಿದೆ ಅನ್ನಲು ಸಾಲದು. ನನಗೆ ನಂಬಿಕೆ ಇರುವುದು ಇನ್ನೊಂದು ಒಳ್ಳೆಯ ಎಸ್‌ಎಂಪಿಎಸ್ ಸಿಕ್ಕಿಸಿ ನೋಡುವುದರಲ್ಲಿ. ಮರುದಿನ ಬೆಳಗ್ಗೆ, ತಣ್ಣಗಿರುವಾಗಲೇ ಹಾಗೆ ಮಾಡಿದೆ. ಪಿನ್ ಮುಟ್ಟಿಸಿದ್ದೇ ತಡ, ಲೋಗೋ ಬಂತು.

ಕೆಪಾಸಿಟರ್ ಬದಲಾಯಿಸಬಹುದಿತ್ತು. ಹಳೇ ಎಸ್‌ಎಂಪಿಎಸ್‌ಗೆ ನಾನು ಆ ಕೆಲಸ ಮಾಡುವುದಿಲ್ಲ. ಒಂದು ಒಣಗಿದರೆ ಉಳಿದವೂ ಅದೇ ದಾರಿಯಲ್ಲಿರುತ್ತವೆ. ಮನೆಯಲ್ಲಿ ಪ್ರಯತ್ನಿಸುವವರು ಅದರ ಡಬ್ಬಿ ಬಿಚ್ಚಲೇಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ಹೊಸ ಎಸ್‌ಎಂಪಿಎಸ್ ಕೂರಿಸುವಾಗ ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ಲನ್ನೂ ಅಳೆದೆ. 2.6 ವೋಲ್ಟ್. ಸಿಆರ್2032 ಸೆಲ್ 3 ವೋಲ್ಟಿನದು, ಇದು ಇವತ್ತೋ ನಾಳೆಯೋ ಹೋಗುವಂಥದ್ದು. ತೆಗೆಯುವ ಮೊದಲು ಬಯೋಸ್, ಅಂದರೆ ಬೋರ್ಡಿನದೇ ಸೆಟ್ಟಿಂಗ್ ಪುಟಗಳ ಒಳಗೆ ಹೋಗಿ ಒಂದೊಂದು ಪುಟವನ್ನೂ ಮೊಬೈಲಲ್ಲಿ ಫೋಟೋ ಹೊಡೆದುಕೊಂಡೆ. ಸೆಲ್ ತೆಗೆದರೆ ಸೆಟ್ಟಿಂಗ್ ಎಲ್ಲ ಅಳಿಸಿಹೋಗಬಹುದು. ಈ ಬೋರ್ಡ್‌ನಲ್ಲಿ ಡಿಸ್ಕ್ ಜೊತೆ ಬೋರ್ಡ್ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ಎಎಚ್‌ಸಿಐ ಇದ್ದದ್ದು ಹೊಸ ಸೆಲ್ ಹಾಕಿದ ಮೇಲೆ ಐಡಿಇ ಆಗಿತ್ತು. ಅದನ್ನು ಹಾಗೇ ಬಿಟ್ಟರೆ ವಿಂಡೋಸ್ ನೀಲಿ ಪರದೆ ತೋರಿಸಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅನ್ನುತ್ತದೆ. ಆ ನೀಲಿ ಬಣ್ಣ ನೋಡಿದ್ದೇ ಮತ್ತೆ ಫಾರ್ಮ್ಯಾಟ್ ಸಿಡಿ ಹುಡುಕುವವರು ಕಡಿಮೆಯೇನಿಲ್ಲ. ಫೋಟೋ ನೋಡಿ ಎಎಚ್‌ಸಿಐಗೆ ಬದಲಾಯಿಸಿದೆ, ತಾರೀಕು ಸರಿ ಮಾಡಿದೆ. ಡಿಸ್ಕ್ ಕೂರಿಸಿದ ಮೇಲೆ ಟ್ಯಾಲಿ ತೆರೆಯಿತು.

ತಗೊಂಡು ಹೋಗುವಾಗ ಅವರು ಹಳೇ ಎಸ್‌ಎಂಪಿಎಸ್ ಕೇಳಿದರು. “ಫ್ಯಾನ್ ತಿರುಗ್ತದಲ್ರೀ, ಗೋಡೌನಿನ ಸಿಪಿಯುಗೆ ಹಾಕೋಣ.” ಬೇಡ ಅಂದು, ಅವರ ಎದುರಿಗೇ 24 ಪಿನ್ನಿನ ಕನೆಕ್ಟರ್ ಕತ್ತರಿಸಿ ಗುಜರಿ ಡಬ್ಬಕ್ಕೆ ಹಾಕಿದೆ. ಸಿಪಿಯು ನೆಲದ ಮೇಲೆ ಇಡಬೇಡಿ, ಒಂದಡಿ ಎತ್ತರದ ಸ್ಟೂಲ್ ಮೇಲಿಡಿ, ದೀಪಾವಳಿಗೆ ಅಂಗಡಿ ತೊಳೆಯುವಾಗ ಇದನ್ನೂ ತಂದು ಊದಿಸಿಕೊಂಡು ಹೋಗಿ ಅಂದೆ.