ಡಿಸ್‌ಗ್ರಂಟಲ್ಡ್: ಯಾರಿಗೆ ಹೇಳಬಹುದು, ಯಾರಿಗೆ ಬೇಡ

ಪತ್ರಿಕೆಯ ಡೆಸ್ಕಿನಲ್ಲಿ ಕೂತು ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಅಲ್ಲಿ ಪದೇ ಪದೇ ಎದುರಾಗುವ ಪದ ಡಿಸ್‌ಗ್ರಂಟಲ್ಡ್. ಹೊಸದಾಗಿ ಸೇರುವವರು ಕಣ್ಣು ಮುಚ್ಚಿಕೊಂಡು ‘ಅತೃಪ್ತ’ ಅಂತ ಹಾಕಿಬಿಡುತ್ತಾರೆ. ಸ್ವಲ್ಪ ನಿಂತು ನೋಡಿ.

ಉಚ್ಚಾರದಲ್ಲಿ ಒತ್ತು ‘ಗ್ರಂ’ ಮೇಲೆ ಬೀಳಬೇಕು. ಗ್ರಂಟ್ ಅಂದರೆ ಹಂದಿ ಗುರುಗುಟ್ಟುವ ಸದ್ದು. ಅದರಿಂದ ಬಂದ ಹಳೆಯ ಪದ ಗ್ರಂಟಲ್, ಅಂದರೆ ಗೊಣಗು. ಮುಂದಿರುವ ‘ಡಿಸ್’ ಇಲ್ಲಿ ‘ಅಲ್ಲ’ ಅನ್ನುವುದಿಲ್ಲ, ಗೊಣಗಾಟವನ್ನು ಇನ್ನಷ್ಟು ಜೋರು ಮಾಡುತ್ತದೆ. ಹಾಗಾಗಿ ಸುಮ್ನೆ ಬೇಜಾರಾಗಿದ್ದರೆ ಈ ಪದ ಹೊಂದುವುದಿಲ್ಲ. ತನಗೆ ಸಿಗಬೇಕಾದ್ದು ಸಿಗಲಿಲ್ಲ ಅಂತ ಯಾರ ಮೇಲಾದರೂ ಸಿಟ್ಟಿರಬೇಕು. ನಮ್ಮ ‘ಮುನಿಸು’ ಕೂಡ ಹತ್ತಿರದ್ದೇ. ಆದರೆ ಮುನಿಸಿನಲ್ಲಿ ಪ್ರೀತಿಯೂ ಇರಬಹುದು, ಇದರಲ್ಲಿ ಇರುವುದಿಲ್ಲ.

2019ರ ಜುಲೈ ನೆನಪಿದೆ ಅಲ್ವಾ? ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್ ಸೇರಿದ ಶಾಸಕರನ್ನು ನಾವೆಲ್ಲ ‘ಅತೃಪ್ತ ಶಾಸಕರು’ ಎಂದೇ ಬರೆದೆವು. ಕುಮಾರಸ್ವಾಮಿ ಸರ್ಕಾರ 99–105 ಮತಗಳಲ್ಲಿ ಬಿದ್ದ ಆ ದಿನಗಳಲ್ಲಿ ಇಂಗ್ಲಿಷಿನ ಡಿಸ್‌ಗ್ರಂಟಲ್ಡ್‌ಗೆ ಅದು ಸರಿಯಾದ ಜೋಡಿ.

ಈಗ 2016ರ ಏಪ್ರಿಲ್‌ಗೆ ಬನ್ನಿ. ಪಿಎಫ್ ಹಣ ತೆಗೆಯುವ ನಿಯಮ ಬಿಗಿಯಾದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅವರನ್ನು ಡಿಸ್‌ಗ್ರಂಟಲ್ಡ್ ವರ್ಕರ್ಸ್ ಅಂದರೆ ನನಗೆ ಒಪ್ಪಿಗೆಯಿಲ್ಲ. ಈ ಪದ ಮನುಷ್ಯರನ್ನು ಸ್ವಲ್ಪ ಸಣ್ಣದಾಗಿಸುತ್ತದೆ, ನ್ಯಾಯವಾದ ದೂರೂ ಗೊಣಗಾಟದಂತೆ ಕೇಳಿಸುತ್ತದೆ. ಅಂಥ ಕಡೆ ಆ್ಯಂಗ್ರಿ ಅಥವಾ ಪ್ರೊಟೆಸ್ಟಿಂಗ್ ಅನ್ನಿ.

ಇದೇ ಕಾರಣಕ್ಕೆ ನಿಮ್ಮದೇ ದೂರಿನ ಪತ್ರದಲ್ಲೂ ಇದು ಬೇಡ. ‘ಐ ಆ್ಯಮ್ ಡಿಸ್‌ಸ್ಯಾಟಿಸ್‌ಫೈಡ್ ವಿತ್ ದ ಸರ್ವಿಸ್’ ಎಂದು ಬರೆದರೆ ಓದುವವರು ಸೇವೆಯ ಬಗ್ಗೆ ಯೋಚಿಸುತ್ತಾರೆ, ನಿಮ್ಮ ಮೂಡಿನ ಬಗ್ಗೆ ಅಲ್ಲ. ಊರಿನಲ್ಲೋ ದೇಶದಲ್ಲೋ ಹರಡಿದ ಅಸಮಾಧಾನಕ್ಕೆ ಡಿಸ್‌ಕಂಟೆಂಟ್ ಇದೆ. ಅದರಲ್ಲಿ ಒತ್ತು ಕೊನೆಯ ‘ಟೆಂಟ್’ ಮೇಲೆ.

ವಾಕ್ಯದಲ್ಲಿ ಬಳಸುವಾಗ ಸಿಟ್ಟು ಯಾರ ಮೇಲೋ ಅವರ ಹೆಸರಿನ ಮುಂದೆ ‘ವಿತ್’ ಹಾಕಿ: ಡಿಸ್‌ಗ್ರಂಟಲ್ಡ್ ವಿತ್ ದ ಪಾರ್ಟಿ. ಕಾರಣ ಹೇಳುವಾಗ ‘ಅಟ್’ ಅಥವಾ ‘ಓವರ್’.

ಕನ್ನಡಕ್ಕೆ ತರುವಾಗ ಒಂದೇ ಪದಕ್ಕೆ ಜೋತು ಬೀಳಬೇಡಿ. ಡಿಸ್‌ಗ್ರಂಟಲ್ಡ್ ಎಂಪ್ಲಾಯಿ ಅಂದರೆ ‘ಅತೃಪ್ತ ಉದ್ಯೋಗಿ’ ಅನ್ನುವುದಕ್ಕಿಂತ ‘ಕಂಪನಿ ಮೇಲೆ ಸಿಟ್ಟಾಗಿದ್ದ ನೌಕರ’ ಎನ್ನಿ. ಓದುಗರಿಗೆ ತಕ್ಷಣ ಅರ್ಥವಾಗುತ್ತದೆ.