ಒಂದೇ ವರ್ಷದ ಸಿಒಎಸ್, ಜೊತೆಗೆ ಗಂಡ ಮಗಳು: ಯುಕೆಯಲ್ಲಿ ನನ್ನ ವೀಸಾ ಎಕ್ಸ್‌ಟೆನ್ಶನ್ ಅನುಭವ

ಯುಕೆಗೆ ನರ್ಸ್ ಆಗಿ ಬರೋ ನಮ್ಮೋರಲ್ಲಿ ತುಂಬಾ ಜನಕ್ಕೆ ಮೂರು ವರ್ಷದ ಸಿಒಎಸ್ ಸಿಗುತ್ತೆ, ಅಂದ್ರೆ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್, ಕೆಲಸ ಕೊಡೋರು ನಮ್ಮ ವೀಸಾಗೆ ಅಂತ ಕೊಡೋ ದಾಖಲೆ. ನಂಗೆ ಸಿಕ್ಕಿದ್ದು ಒಂದು ವರ್ಷದ್ದು. ನಾನು ಸೇರಿದ ಪ್ರೈವೇಟ್ ಆಸ್ಪತ್ರೆಯೋರು ಮೊದ್ಲು ಟ್ರೇನಿಂಗ್ ಮುಗಿಸಿ ಎನ್‌ಎಂಸಿ ಪಿನ್ (ಇಲ್ಲಿನ ನರ್ಸಿಂಗ್ ಕೌನ್ಸಿಲ್ ಕೊಡೋ ರಿಜಿಸ್ಟ್ರೇಶನ್ ನಂಬರ್) ತಗೊಳ್ಳಿ, ಆಮೇಲೆ ಉದ್ದದ್ದು ಕೊಡ್ತೀವಿ ಅಂದ್ರು. 2024ರ ಫೆಬ್ರವರಿಯಲ್ಲಿ ಬಂದೆ, 2025ರ ಜನವರಿಯಲ್ಲೇ ಎಕ್ಸ್‌ಟೆನ್ಶನ್ ಹಾಕ್ಬೇಕಾಯ್ತು, ಅದೂ ನನ್ನೊಬ್ಬಳದ್ದಲ್ಲ, ಗಂಡ ಮತ್ತೆ ನಾಲ್ಕು ವರ್ಷದ ಮಗಳದ್ದೂ ಸೇರಿ. ನನ್ನ ಅಪ್ಲಿಕೇಶನ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಎಚ್‌ಆರ್ ನೋಡ್ಕೊಳ್ತಾರೆ, ವಾರ್ಡಲ್ಲಿ ಕೇಳಿದ್ರೆ ಯಾರಾದ್ರೂ ಹೇಳ್ತಾರೆ. ಡಿಪೆಂಡೆಂಟ್‌ಗಳದ್ದೇ, ಅಂದ್ರೆ ನಮ್ಮ ವೀಸಾ ಆಧಾರದ ಮೇಲೆ ಬರೋ ಗಂಡ ಅಥ್ವಾ ಹೆಂಡತಿ, ಮಕ್ಕಳದ್ದೇ ಬೇರೆ ಕಥೆ. ಅವರದ್ದು ನಮ್ಮ ಅಪ್ಲಿಕೇಶನ್ ಹಿಂದೆ ತಾನಾಗೇ ಬರುತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಹಾಗಿಲ್ಲ. ಅವರ ಫಾರ್ಮ್ ಬೇರೆ, ಫೀ ಬೇರೆ, ದುಡ್ಡು ತೋರಿಸೋ ಲೆಕ್ಕ ಬೇರೆ, ಡಿಸಿಶನ್ ಕೂಡ ಬೇರೆ ಬರುತ್ತೆ. ಅದಕ್ಕೇ ಅದನ್ನೇ ಜಾಸ್ತಿ ಬರೀತಿದೀನಿ.

ಮೊದ್ಲು ಟ್ರೇನಿಂಗ್ ಬಗ್ಗೆ ಸ್ವಲ್ಪ, ಯಾಕಂದ್ರೆ ವೀಸಾ ಅದರ ಮೇಲೇ ನಿಂತಿರುತ್ತೆ. ರಿಜಿಸ್ಟ್ರೇಶನ್‌ಗೆ ಬೇಕಾದ ಕಂಪ್ಯೂಟರ್ ಪರೀಕ್ಷೆ ಸಿಬಿಟಿನ ಇಂಡಿಯಾದಲ್ಲೇ ಮುಗಿಸಿ ಬಂದಿದ್ದೆ, ಇಲ್ಲಿ ಬಂದ ಮೇಲೆ ಪ್ರೀ ರಿಜಿಸ್ಟ್ರೇಶನ್ ನರ್ಸ್ ಅನ್ನೋ ಹೆಸರಲ್ಲಿ ಕೆಲಸ, ಜೊತೆಗೆ ಆಸ್ಕಿ ಅನ್ನೋ ಪ್ರಾಕ್ಟಿಕಲ್ ಪರೀಕ್ಷೆಗೆ ಟ್ರೇನಿಂಗ್. ಕೆಲಸ ಶುರುವಾಗಿ 12 ವಾರದ ಒಳಗೆ ಮೊದಲ ಸಲ ಆಸ್ಕಿ ಬರೀಬೇಕು, 8 ತಿಂಗಳ ಒಳಗೆ ರಿಜಿಸ್ಟ್ರೇಶನ್ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಆಸ್ಪತ್ರೆಯೋರು ಸ್ಪಾನ್ಸರ್ ಮಾಡೋದನ್ನ ನಿಲ್ಲಿಸ್ಬೇಕಾಗುತ್ತೆ. ನಾನು ನಾರ್ತಾಂಪ್ಟನ್ ಸೆಂಟರ್‌ನಲ್ಲಿ ಬರೆದೆ. ಹತ್ತು ಸ್ಟೇಶನ್, ಅದ್ರಲ್ಲಿ ನಾಲ್ಕು ಒಂದೇ ಪೇಶೆಂಟ್ ಸುತ್ತ: ಅಸೆಸ್‌ಮೆಂಟ್, ಪ್ಲಾನಿಂಗ್, ಇಂಪ್ಲಿಮೆಂಟೇಶನ್, ಇವ್ಯಾಲ್ಯುಯೇಶನ್. ಉಳಿದದ್ದು ಸ್ಕಿಲ್ಸ್, ಮತ್ತೆ ಮಾತಾಡದೆ ಬರೆಯೋ ಎರಡು ಸ್ಟೇಶನ್. ಫೀ 794 ಪೌಂಡ್, ನಂದು ಆಸ್ಪತ್ರೆಯೋರು ಕಟ್ಟಿದ್ರು. ಊರಲ್ಲಿ ವರ್ಷಗಟ್ಟಲೆ ಐಸಿಯು ಮಾಡಿ ಬಂದಿದ್ರೂ ಇವರ ರೀತಿಯಲ್ಲಿ ಮಾತಾಡಿಕೊಂಡೇ ಕೆಲಸ ಮಾಡೋದನ್ನ ಕಲೀಲೇಬೇಕು. ಪ್ರತೀ ಹೆಜ್ಜೆಗೂ ಪೇಶೆಂಟ್ ಹತ್ರ ಒಪ್ಪಿಗೆ ಕೇಳೋದು, ಅಲರ್ಜಿ ಕೇಳೋದು, ಕೈ ತೊಳೆಯೋದನ್ನ ಬಾಯಲ್ಲೂ ಹೇಳೋದು. ಆ ತಿಂಗಳುಗಳಲ್ಲಿ ಫ್ಯಾಮಿಲಿ ಜೊತೆ ಇರ್ಲಿಲ್ಲ, ಪಿನ್ ಬಂದ ಮೇಲೇ ಕರೆಸ್ಕೊಂಡೆ. ಓದೋಕೆ ಅನುಕೂಲ ಆಯ್ತು, ಆದ್ರೆ ಮಗು ಬಿಟ್ಟು ಇರೋದು ಎಷ್ಟು ಕಷ್ಟ ಅಂತ ಇದ್ದೋರಿಗೇ ಗೊತ್ತು, ಅದನ್ನ ಯಾರೂ ಹಗುರವಾಗಿ ತಗೋಬಾರ್ದು.

ಈಗ ಮುಖ್ಯ ವಿಷಯ. ಡಿಪೆಂಡೆಂಟ್ ವೀಸಾ ಯಾವಾಗ ಸಿಕ್ಕರೂ ಅದು ಮುಗಿಯೋದು ಮೇನ್ ಅಪ್ಲಿಕೆಂಟ್ ವೀಸಾ ಮುಗಿಯೋ ದಿನಾನೇ. ಗಂಡ ಮಗಳು 2024ರ ಸೆಪ್ಟೆಂಬರ್‌ನಲ್ಲಿ ಬಂದ್ರು, ಟಿಬಿ ಟೆಸ್ಟ್ ಮಾಡಿಸಿ, ಫೀ ಕಟ್ಟಿ, ಟಿಕೆಟ್ ತಗೊಂಡು ಬಂದಿದ್ದು, ಆದ್ರೆ ವೀಸಾ ಮಾತ್ರ ನಂದು ಮುಗಿಯೋ ಫೆಬ್ರವರಿವರೆಗೆ. ಸೂಟ್‌ಕೇಸ್ ಖಾಲಿ ಮಾಡಿ ಸ್ವಲ್ಪ ದಿನ ಆಗೋಷ್ಟರಲ್ಲಿ ಮತ್ತೆ ಫಾರ್ಮ್ ಫೀ ಎಲ್ಲಾ. ಇದು ನಂಗೆ ಮೊದ್ಲೇ ಗೊತ್ತಿತ್ತು, ಲೆಕ್ಕ ಹಾಕೇ ಕರೆಸಿದ್ದು, ಯಾಕಂದ್ರೆ ಮಗಳು ಸೆಪ್ಟೆಂಬರ್‌ನಲ್ಲಿ ಸ್ಕೂಲ್ ವರ್ಷದ ಶುರುವಿಂದಾನೇ ಸೇರ್ಬೇಕಿತ್ತು. ಆದ್ರೆ ನಿಮಗೆ ಅಂಥ ಅವಸರ ಇಲ್ಲ, ಸಿಒಎಸ್ ಚಿಕ್ಕದು ಅಂದ್ರೆ ಹೊಸ ಸಿಒಎಸ್ ಬಂದ ಮೇಲೆ ಕರೆಸೋದು ಒಳ್ಳೇದು ಅಂತ ನನ್ನ ಅಭಿಪ್ರಾಯ, ಎರಡು ಸಲ ಫೀ ಕಟ್ಟೋದು ತಪ್ಪುತ್ತೆ. ಆಫರ್ ಲೆಟರ್ ಬಂದ ದಿನಾನೇ ಸಿಒಎಸ್ ಎಷ್ಟು ವರ್ಷದ್ದು ಅಂತ ಬರಹದಲ್ಲಿ ಕೇಳಿ.

ಹೊಸ ಸಿಒಎಸ್ ಬಗ್ಗೆ. ನಾನು ಅಕ್ಟೋಬರ್‌ನಿಂದಲೇ ಎಚ್‌ಆರ್ ಹಿಂದೆ ಬಿದ್ದೆ. ಸಿಒಎಸ್ ಕೊಟ್ಟ ದಿನದಿಂದ 3 ತಿಂಗಳ ಒಳಗೆ ಅದನ್ನ ಬಳಸಿ ಅಪ್ಲೈ ಮಾಡ್ಬೇಕು, ಹಾಗಾಗಿ ತೀರಾ ಬೇಗ ತಗೊಂಡೂ ಪ್ರಯೋಜನ ಇಲ್ಲ, ಆದ್ರೆ ಆಫೀಸ್ ಕೆಲಸ ನಿಧಾನ, ರಜೆ ಸೀಸನ್ ಬೇರೆ ಮಧ್ಯ ಬರುತ್ತೆ. ಸಿಒಎಸ್ ಕೈಗೆ ಬಂದಾಗ ಒಂದೊಂದೇ ಸಾಲು ಓದಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇದ್ಯಾ, ಜಾಬ್ ಟೈಟಲ್ ಪ್ರೀ ರಿಜಿಸ್ಟ್ರೇಶನ್‌ನಿಂದ ರಿಜಿಸ್ಟರ್ಡ್ ನರ್ಸ್ ಅಂತ ಬದಲಾಗಿದ್ಯಾ, ಸಂಬಳ ಕಾಂಟ್ರಾಕ್ಟ್ ಜೊತೆ ಹೊಂದುತ್ತಾ. ಹಳೇ ಸಿಒಎಸ್‌ನಲ್ಲಿ ಕೆಲಸದ ಕೋಡ್ 2231 ಇತ್ತು, ಹೊಸದ್ರಲ್ಲಿ 2237, ಅದು ನೋಡಿ ಗಾಬರಿ ಆಗ್ಬೇಡಿ, 2024ರ ಏಪ್ರಿಲ್‌ನಲ್ಲಿ ಕೋಡ್ ಪಟ್ಟಿನೇ ಬದಲಾಯ್ತು, ನರ್ಸ್‌ಗಳನ್ನ ಬೇರೆಬೇರೆ ಕೋಡ್‌ಗೆ ಹಂಚಿದ್ರು. ಮತ್ತೆ ಮೇಂಟೆನೆನ್ಸ್, ಅಂದ್ರೆ ಅಗತ್ಯ ಬಿದ್ರೆ ಇವರ ಖರ್ಚು ನಾವು ನೋಡ್ಕೊಳ್ತೀವಿ ಅಂತ ಆಸ್ಪತ್ರೆಯೋರು ಸರ್ಟಿಫೈ ಮಾಡಿದ್ದಾರಾ, ಮಾಡಿದ್ರೆ ಡಿಪೆಂಡೆಂಟ್‌ಗಳಿಗೂ ಸೇರಿಸಿ ಮಾಡಿದ್ದಾರಾ ಅಂತ ನೋಡ್ಲೇಬೇಕು.

ಈ ಮೇಂಟೆನೆನ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ರೂಲ್ ಪ್ರಕಾರ ಯುಕೆಯಲ್ಲಿ ವೀಸಾ ಮೇಲೆ 12 ತಿಂಗಳು ಇದ್ದೋರು ಖರ್ಚಿಗೆ ದುಡ್ಡಿದೆ ಅಂತ ತೋರಿಸ್ಬೇಕಾಗಿಲ್ಲ. ಎಕ್ಸ್‌ಟೆನ್ಶನ್ ಹಾಕೋರಲ್ಲಿ ಹೆಚ್ಚಿನೋರು ಮೂರು ವರ್ಷ ಕಳೆದಿರೋರು, ಹಾಗಾಗಿ ಯಾರನ್ನ ಕೇಳಿದ್ರೂ ಅದೇನೂ ಬೇಡ ಅಂತಾನೇ ಉತ್ತರ. ಅವರಿಗೆ ಅದು ಸರಿ, ನಮ್ಮಂಥೋರಿಗೆ ಸರಿ ಅಲ್ಲ. 12 ತಿಂಗಳು ಅನ್ನೋದನ್ನ ಒಬ್ಬೊಬ್ಬರಿಗೂ ಬೇರೆಬೇರೆ ಎಣಿಸ್ಬೇಕು. ನಂಗೇ ಇನ್ನೂ ವರ್ಷ ತುಂಬಿರ್ಲಿಲ್ಲ, ಗಂಡ ಮಗಳಂತೂ ಬಂದು ಕೆಲವೇ ತಿಂಗಳು. ಲೆಕ್ಕ ಹೀಗೆ: ಮೇನ್ ಅಪ್ಲಿಕೆಂಟ್‌ಗೆ 1270 ಪೌಂಡ್, ಗಂಡ ಅಥ್ವಾ ಹೆಂಡತಿಗೆ 285, ಮೊದಲ ಮಗುಗೆ 315, ಆಮೇಲಿನ ಒಂದೊಂದು ಮಗುಗೂ 200. ಮೂರು ಜನಕ್ಕೆ ಒಟ್ಟು 1870. ನನ್ನ 1270ನ್ನ ಆಸ್ಪತ್ರೆಯೋರು ಸಿಒಎಸ್‌ನಲ್ಲೇ ಸರ್ಟಿಫೈ ಮಾಡಿದ್ರು, ಫ್ಯಾಮಿಲಿದು ಮಾಡಲ್ಲ ಅಂದ್ರು, ಅದು ಅವರವರ ಪಾಲಿಸಿ. ಹಾಗಾಗಿ 600 ಪೌಂಡ್ ನಾವೇ ತೋರಿಸಿದ್ವಿ.

600 ಅಂದ್ರೆ ದೊಡ್ಡ ದುಡ್ಡಲ್ಲ ಅನ್ನಿಸ್ಬಹುದು, ಕಷ್ಟ ಇರೋದು ದಿನದ ಲೆಕ್ಕದಲ್ಲಿ. 28 ದಿನ ಸತತವಾಗಿ ಅಕೌಂಟ್ ಬ್ಯಾಲೆನ್ಸ್ ಅಷ್ಟಕ್ಕಿಂತ ಕೆಳಗೆ ಒಂದು ದಿನವೂ ಇಳೀಬಾರ್ದು, ಆ 28ನೇ ದಿನ ಅಪ್ಲೈ ಮಾಡೋ ದಿನಕ್ಕಿಂತ ಹಿಂದಿನ 31 ದಿನದ ಒಳಗೇ ಇರ್ಬೇಕು. ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ಕರೆಂಟ್ ಬಿಲ್ ಎಲ್ಲಾ ಡೈರೆಕ್ಟ್ ಡೆಬಿಟ್‌ನಲ್ಲಿ ಹೋಗೋ ಅಕೌಂಟ್‌ನಲ್ಲಿ ಇಟ್ರೆ ಯಾವ ದಿನ ಎಷ್ಟಕ್ಕೆ ಇಳಿಯುತ್ತೋ ಗೊತ್ತಾಗಲ್ಲ. ನಾವು ಬೇರೆ ಸೇವಿಂಗ್ಸ್ ಅಕೌಂಟ್‌ಗೆ 600ಕ್ಕಿಂತ ಸ್ವಲ್ಪ ಜಾಸ್ತಿನೇ ಹಾಕಿ, ಆ ಕಾರ್ಡ್ ಯಾರೂ ಮುಟ್ಟದ ಹಾಗೆ ಇಟ್ವಿ. ಊರಿನ ಬ್ಯಾಂಕ್‌ನಲ್ಲಿರೋ ರೂಪಾಯಿನೂ ತೋರಿಸ್ಬಹುದು, ಆದ್ರೆ ಎಕ್ಸ್‌ಚೇಂಜ್ ರೇಟ್ ಏರಿಳಿತದಲ್ಲಿ ಅಂಚಿನಲ್ಲಿರೋ ಮೊತ್ತ ಕೆಳಗೆ ಹೋಗ್ಬಹುದು, ಅದ್ರ ಬದ್ಲು ಇಲ್ಲಿನ ಅಕೌಂಟೇ ನೆಮ್ಮದಿ.

ಮಗಳ ಪಾಸ್‌ಪೋರ್ಟ್. ನಮ್ಮ ದೇಶದಲ್ಲಿ ಚಿಕ್ಕ ಮಕ್ಕಳ ಪಾಸ್‌ಪೋರ್ಟ್‌ಗೆ 5 ವರ್ಷ ಮಾತ್ರ ವ್ಯಾಲಿಡಿಟಿ. ಅವಳದ್ದು ಕೂಸಾಗಿದ್ದಾಗಲೇ ಮಾಡಿಸಿದ್ದು, ಎಕ್ಸ್‌ಟೆನ್ಶನ್ ಹೊತ್ತಿಗೆ ಮುಗಿಯೋಕೆ ಬಂದಿತ್ತು. ಹಾಗಾಗಿ ವೀಸಾಗಿಂತ ಮೊದ್ಲು ಪಾಸ್‌ಪೋರ್ಟ್ ರಿನ್ಯೂ ಮಾಡಿಸಿದ್ವಿ, ಇಲ್ಲಿ ಅದು ವಿಎಫ್‌ಎಸ್ ಅನ್ನೋ ಅರ್ಜಿ ತಗೊಳ್ಳೋ ಕಂಪನಿ ಮೂಲಕ, ಅಪ್ಪ ಅಮ್ಮ ಇಬ್ಬರ ಸಹಿ ಬೇಕು. ಮಕ್ಕಳಿರೋರು ಮೊದ್ಲು ತೆಗೆದು ನೋಡ್ಬೇಕಾದ್ದು ಪಾಸ್‌ಪೋರ್ಟ್ ತಾರೀಖನ್ನ.

ಹೆಸರು ಇನ್ನೊಂದು ತಲೆನೋವು, ನಮ್ಮ ಕಡೆಯೋರಿಗೆ ಸ್ವಲ್ಪ ಜಾಸ್ತಿನೇ. ಇನಿಶಿಯಲ್ ಇಟ್ಕೊಳ್ಳೋ ಅಭ್ಯಾಸ ನಮ್ದು, ಮದುವೆ ಸರ್ಟಿಫಿಕೇಟ್‌ನಲ್ಲಿ ಇನಿಶಿಯಲ್ ಇರುತ್ತೆ, ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಆಗಿರುತ್ತೆ, ಕೆಲವರಿಗೆ ಸರ್‌ನೇಮ್ ಜಾಗ ಖಾಲಿನೇ. ಫಾರ್ಮ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಹಾಕಿ, ಬೇರೆ ಹೆಸರು ಇದ್ಯಾ ಅಂತ ಕೇಳೋ ಕಡೆ ಇನಿಶಿಯಲ್ ಇರೋ ರೂಪವನ್ನೂ ಬರೀರಿ. ನಾವು ಮದುವೆ ಸರ್ಟಿಫಿಕೇಟ್, ಮಗಳ ಬರ್ತ್ ಸರ್ಟಿಫಿಕೇಟ್, ಒಂದೇ ಮನೇಲಿ ಇದೀವಿ ಅನ್ನೋಕೆ ಟೆನೆನ್ಸಿ ಮತ್ತೆ ಕೌನ್ಸಿಲ್ ಟ್ಯಾಕ್ಸ್ ಪತ್ರ ಎಲ್ಲಾ ಅಪ್‌ಲೋಡ್ ಮಾಡಿದ್ವಿ. ಮೊದಲ ಸಲ ಕೊಟ್ಟಿದ್ದೀವಲ್ಲ ಅಂತ ಬಿಡ್ಲಿಲ್ಲ. ಕನ್ನಡದಲ್ಲಿ ಮಾತ್ರ ಇರೋ ಸರ್ಟಿಫಿಕೇಟ್ ಇದ್ರೆ ಸರ್ಟಿಫೈಡ್ ಟ್ರಾನ್ಸ್‌ಲೇಶನ್ ಬೇಕು. ಟಿಬಿ ಟೆಸ್ಟ್, ಪೊಲೀಸ್ ಕ್ಲಿಯರೆನ್ಸ್ ಎರಡೂ ಇಲ್ಲಿಂದ ಎಕ್ಸ್‌ಟೆಂಡ್ ಮಾಡುವಾಗ ಕೇಳಲ್ಲ, ಇಂಗ್ಲಿಷ್ ಹಿಂದಿನ ವೀಸಾಗೆ ಪ್ರೂವ್ ಮಾಡಿದ್ದೇ ಸಾಕು.

ಅಪ್ಲೈ ಮಾಡಿದ ದಿನ ಮೊದ್ಲು ನಂದು ಸಬ್ಮಿಟ್ ಮಾಡಿ, ಅದ್ರಲ್ಲಿ ಬರೋ ಅಪ್ಲಿಕೇಶನ್ ನಂಬರನ್ನ ಗಂಡನ ಫಾರ್ಮ್‌ಗೂ ಮಗಳ ಫಾರ್ಮ್‌ಗೂ ಹಾಕಿ ಅದೇ ಸಂಜೆ ಮುಗಿಸಿದ್ವಿ. ಇಲ್ಲಿ ಒಂದು ಪ್ರಶ್ನೆ ತುಂಬಾ ಗಮನ ಇಟ್ಟು ಉತ್ತರಿಸ್ಬೇಕು, ಇದು ಹೆಲ್ತ್ ಆಂಡ್ ಕೇರ್ ವರ್ಕರ್ ವೀಸಾನಾ ಅಂತ ಕೇಳೋದು. ಡಿಪೆಂಡೆಂಟ್ ಫಾರ್ಮ್‌ನಲ್ಲೂ ಕೇಳುತ್ತೆ. ಹೌದು ಅಂದ್ರೆ ಹೆಲ್ತ್ ಸರ್‌ಚಾರ್ಜ್ (ಇಲ್ಲಿನ ಸರ್ಕಾರಿ ವೈದ್ಯಕೀಯ ಸೇವೆಗೆ ವೀಸಾ ಜೊತೆ ಕಟ್ಟೋ ದುಡ್ಡು) ಸೊನ್ನೆ. ಬರೀ ಸ್ಕಿಲ್ಡ್ ವರ್ಕರ್ ಡಿಪೆಂಡೆಂಟ್ ಅಂತ ಮುಂದೆ ಹೋದ್ರೆ ದೊಡ್ಡವರಿಗೆ ವರ್ಷಕ್ಕೆ 1035 ಪೌಂಡ್, ಮಕ್ಕಳಿಗೆ 776, ಮೂರು ವರ್ಷಕ್ಕೆ ಇಬ್ಬರದ್ದೂ ಸೇರಿ 5433 ಪೌಂಡ್ ಕೇಳುತ್ತೆ. ಸ್ಕ್ರೀನ್ ಮೇಲೆ ಅಂಥ ಮೊತ್ತ ಬಂದ್ರೆ ಕಟ್ಟೋಕೆ ಹೋಗ್ಬೇಡಿ, ಹಿಂದೆ ಹೋಗಿ ಆ ಉತ್ತರ ನೋಡಿ. ವೀಸಾ ಫೀ ನಾವು ಹಾಕಿದಾಗ ಮೂರು ವರ್ಷದವರೆಗಿನದ್ದಕ್ಕೆ ತಲೆಗೆ 284, ಅದಕ್ಕಿಂತ ಜಾಸ್ತಿ ವರ್ಷಕ್ಕೆ 551 ಇತ್ತು, ಮಗು ಅಂತ ಕಮ್ಮಿ ಇಲ್ಲ. 2025ರ ಏಪ್ರಿಲ್‌ನಲ್ಲಿ ಅದು 304 ಮತ್ತೆ 590 ಆಯ್ತು. ಈ ಫೀ ಆಗಾಗ ಏರುತ್ತೆ, ಕಟ್ಟೋ ದಿನ ಸರ್ಕಾರದ ವೆಬ್‌ಸೈಟ್‌ನಲ್ಲೇ ನೋಡ್ಕೊಳ್ಳಿ. ನಂದು ಆಸ್ಪತ್ರೆ ಕಟ್ಟಿತು, ಅವರಿಬ್ಬರದ್ದು 568 ನಾವು ಕಟ್ಟಿದ್ವಿ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಬೆರಳಚ್ಚು ತಗೊಳ್ಳಲ್ಲ, ಫೋಟೋ ಮಾತ್ರ.

ಸಬ್ಮಿಟ್ ಆದ ಮೇಲಿನ ಕಾಯೋ ಸಮಯದಲ್ಲಿ ಎರಡು ವಿಷಯ ಗೊತ್ತಿರ್ಬೇಕು. ಒಂದು, ಡಿಸಿಶನ್ ಬರೋವರೆಗೂ ಯುಕೆ, ಐರ್ಲೆಂಡ್, ಐಲ್ ಆಫ್ ಮ್ಯಾನ್, ಚಾನಲ್ ಐಲೆಂಡ್ಸ್ ಬಿಟ್ಟು ಹೊರಗೆ ಹೋಗೋ ಹಾಗಿಲ್ಲ, ಹೋದ್ರೆ ಅಪ್ಲಿಕೇಶನ್ ವಾಪಸ್ ತಗೊಂಡ ಹಾಗೆ. ಮಗಳಿಗೂ ಇದೇ ರೂಲ್, ಅಜ್ಜಿ ಮನೆಗೆ ಕಳಿಸಿ ಬರ್ತೀನಿ ಅನ್ನೋ ಹಾಗಿಲ್ಲ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇರೋರಿಗೆ ಇದು ಎಷ್ಟು ಭಾರ ಅಂತ ನಂಗೆ ಗೊತ್ತು. ತಡ್ಕೊಳ್ಳೋಕೆ ಆಗ್ದೇ ಇರೋ ಪರಿಸ್ಥಿತಿ ಇದ್ರೆ ಬೇಗ ಡಿಸಿಶನ್ ಕೊಡೋ ಪ್ರಯಾರಿಟಿ ಸರ್ವೀಸ್‌ಗೆ ತಲೆಗೆ 500 ಪೌಂಡ್ ಜಾಸ್ತಿ ಕಟ್ಟೋದು ಅಲ್ಲೇ ಅರ್ಥಪೂರ್ಣ, ಇಲ್ಲಾಂದ್ರೆ ಸಾಧಾರಣ ಅಪ್ಲಿಕೇಶನ್‌ಗೆ 8 ವಾರ ಅಂತಾರೆ, ನಾವು ಅದನ್ನೇ ಹಾಕಿದ್ವಿ.

ಎರಡನೇದು ಕೆಲಸ. ಹಳೇ ವೀಸಾ ಮುಗಿಯೋ ಮೊದ್ಲೇ ಅಪ್ಲೈ ಮಾಡಿದ್ರೆ, ಡಿಸಿಶನ್ ಬರೋ ತನಕ ಹಳೇ ವೀಸಾದ ಹಕ್ಕುಗಳು ಹಾಗೇ ಮುಂದುವರೀತವೆ. 1971ರ ಇಮಿಗ್ರೇಶನ್ ಆಕ್ಟ್‌ನ ಸೆಕ್ಷನ್ 3ಸಿ. ನನ್ನ ಆಸ್ಪತ್ರೆಯೋರಿಗೆ ಇದು ಗೊತ್ತಿತ್ತು. ಗಂಡ ಪಾರ್ಟ್ ಟೈಮ್ ಮಾಡ್ತಿದ್ದ ಕಡೆ ಮ್ಯಾನೇಜರ್‌ಗೆ ಗೊತ್ತಿರ್ಲಿಲ್ಲ, ವೀಸಾ ಡೇಟ್ ಮುಗಿದ ಮಾರನೇ ದಿನದಿಂದ ಶಿಫ್ಟ್ ಕೊಡಲ್ಲ ಅಂದ್ರು. ಇಲ್ಲಿ ವಾದ ಮಾಡೋದ್ರಿಂದ ಏನೂ ಆಗಲ್ಲ, ಅವರಿಗೂ ದಂಡದ ಭಯ ಇರುತ್ತೆ. ಗಂಡ ಅಪ್ಲಿಕೇಶನ್ ಸಬ್ಮಿಟ್ ಆದ ದಾಖಲೆ ಕೊಟ್ಟು, ಹೋಮ್ ಆಫೀಸ್‌ನ ಎಂಪ್ಲಾಯರ್ ಚೆಕಿಂಗ್ ಸರ್ವೀಸ್‌ನಲ್ಲಿ ಚೆಕ್ ಮಾಡಿ ಅಂತ ಇಮೇಲ್‌ನಲ್ಲಿ ಬರೆದು ಕೇಳಿದ್ರು. ಅಲ್ಲಿಂದ ಪಾಸಿಟಿವ್ ವೆರಿಫಿಕೇಶನ್ ನೋಟಿಸ್ ಬಂತು, ಅದು 6 ತಿಂಗಳವರೆಗೆ ಎಂಪ್ಲಾಯರ್‌ಗೆ ರಕ್ಷಣೆ ಕೊಡುತ್ತೆ, ಶಿಫ್ಟ್ ಮತ್ತೆ ಶುರುವಾಯ್ತು. ಡೇಟ್ ಮುಗಿಯೋ ಮೊದ್ಲೇ ಈ ವಿಷಯ ಡಿಪೆಂಡೆಂಟ್ ಕೆಲಸದ ಜಾಗಕ್ಕೆ ತಿಳಿಸಿದ್ರೆ ಸಂಬಳ ಇಲ್ಲದ ದಿನಗಳು ಬರಲ್ಲ.

ನನ್ನ ಡಿಸಿಶನ್ ಮೊದ್ಲು ಬಂತು, ಅವರಿಬ್ಬರದ್ದು ಆಮೇಲೆ. ಮಧ್ಯದ ದಿನಗಳಲ್ಲಿ ಏನೋ ತೊಂದ್ರೆ ಆಗಿದೆ ಅಂತ ಅರ್ಥ ಅಲ್ಲ, ಅವರ 3ಸಿ ಹಾಗೇ ಇರುತ್ತೆ. ಈಗ ಕಾರ್ಡ್ ಕೊಡೋದು ನಿಂತಿದೆ, ಎಲ್ಲಾ ಇವೀಸಾ, ಅಂದ್ರೆ ಆನ್‌ಲೈನ್‌ನಲ್ಲೇ ಇರೋ ವೀಸಾ. ನನ್ನ ಹಳೇ ವೀಸಾ ಕಾರ್ಡ್ ಬಿಆರ್‌ಪಿ ಮೇಲೆ 2024ರ ಡಿಸೆಂಬರ್ 31 ಅಂತ ಇತ್ತು, ವೀಸಾ ಇನ್ನೂ ಇದ್ರೂ ಕೂಡ, ಆವಾಗ್ಲೇ ಮೂವರಿಗೂ ಇವೀಸಾ ನೋಡೋಕೆ ಬೇಕಾದ ಯುಕೆವಿಐ ಅಕೌಂಟ್ ಮಾಡಿಟ್ಟಿದ್ದೆ, ಮಗಳದ್ದನ್ನ ನಾನೇ ನೋಡ್ಕೊಳ್ತೀನಿ. ಡಿಸಿಶನ್ ಇಮೇಲ್ ಬಂದ ದಿನ ಮೂವರ ಅಕೌಂಟ್‌ಗೂ ಲಾಗಿನ್ ಆಗಿ ಹೆಸರು, ಫೋಟೋ, ಹುಟ್ಟಿದ ದಿನ, ಮುಗಿಯೋ ದಿನ ಒಂದೇ ಇದ್ಯಾ ಅಂತ ನೋಡಿ. ವೀಸಾ ಸಿಒಎಸ್ ಮುಗಿದು 14 ದಿನದವರೆಗೆ ಇರುತ್ತೆ, ಹಾಗಾಗಿ ಎರಡು ತಾರೀಖು ಬೇರೆ ಕಂಡ್ರೆ ಅದು ತಪ್ಪಲ್ಲ. ಮಗಳ ಹೊಸ ಪಾಸ್‌ಪೋರ್ಟ್ ನಂಬರ್ ಅಕೌಂಟ್‌ಗೆ ಲಿಂಕ್ ಆಗಿದ್ಯಾ ಅಂತ ಊರಿಗೆ ಟಿಕೆಟ್ ಬುಕ್ ಮಾಡೋ ಮೊದ್ಲೇ ನೋಡಿ, ಏರ್‌ಲೈನ್ ಕೌಂಟರ್‌ನಲ್ಲಿ ಅವರು ಹುಡುಕೋದು ಅದನ್ನೇ. ಆಮೇಲೆ ನಮ್ಮ ವೀಸಾನ ಬೇರೆಯೋರು ಆನ್‌ಲೈನ್‌ನಲ್ಲಿ ನೋಡೋಕೆ ಕೊಡೋ ಶೇರ್ ಕೋಡ್ ತೆಗೆದು ನನ್ನ ಎಚ್‌ಆರ್‌ಗೆ, ಗಂಡನ ಕೆಲಸದ ಕಡೆಗೆ, ಮನೆ ಏಜೆಂಟ್‌ಗೆ ಕಳಿಸಿದ್ವಿ. ಶೇರ್ ಕೋಡ್‌ಗೆ 90 ದಿನ ಮಾತ್ರ ಆಯಸ್ಸು, ಕೆಲಸಕ್ಕೆ ಬೇರೆ ಕೋಡ್, ಬಾಡಿಗೆಗೆ ಬೇರೆ ಕೋಡ್.