ಆಪರೇಟಿಂಗ್ ಸಿಸ್ಟಮ್ ಕಾನ್ಫರೆನ್ಸ್‌ಗೆ ಟಾಕ್‌ಗಳನ್ನ ಆರಿಸಿ ಜೋಡಿಸೋದು: ನನ್ನ ಅನುಭವ

ಪ್ರೋಗ್ರಾಂ ಕಮಿಟಿಯಲ್ಲಿದ್ದೀನಿ ಅಂದ ತಕ್ಷಣ ಎಲ್ಲರೂ ಕೇಳೋದು "ಹೆಂಗೆ ಸೆಲೆಕ್ಟ್ ಮಾಡ್ತೀರ ಗುರು" ಅಂತ. ಸೆಲೆಕ್ಟ್ ಮಾಡೋದು ಸುಲಭ ಕಣ್ರೀ, ಎರಡು ವೀಕೆಂಡ್ ಕೂತ್ರೆ ಮುಗಿಯತ್ತೆ. ಆಮೇಲೆ ಆ ಸ್ಪೀಕರ್‌ಗೆ ಫೋನ್ ಮಾಡಿ, ಅವರು ಕಳಿಸಿರೋ ದೊಡ್ಡ ವಿಷಯದೊಳಗಿಂದ ಒಂದೇ ಒಂದು ಪ್ರಶ್ನೆ ಹೊರಗೆ ಎಳೆಯೋದಿದೆಯಲ್ಲ, ನನ್ನ ಸಂಜೆಗಳೆಲ್ಲ ಹೋಗಿದ್ದು ಅಲ್ಲಿ. ಪ್ರಶ್ನೆ ಇಲ್ಲದ ಟಾಕು ಸಿಲಬಸ್ ಓದಿದಂಗೆ ಇರತ್ತೆ, ಅದನ್ನ ಕೇಳೋಕೆ ಶನಿವಾರ ಬೆಳಗ್ಗೆ ಎದ್ದು ಬಸ್ ಹತ್ತಿ ಯಾರೂ ಬರಲ್ಲ.

ನಮ್ಮದು ಬೆಂಗಳೂರಲ್ಲಿ ನಡೆಯೋ ಸಣ್ಣ ಕಾರ್ಯಕ್ರಮ, ಒಂದು ದಿನ, ಒಂದೇ ಹಾಲ್, ಆಪರೇಟಿಂಗ್ ಸಿಸ್ಟಮ್ ಬಿಟ್ಟು ಬೇರೆ ಮಾತಿಲ್ಲ: ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು), ಡ್ರೈವರ್, ಫೈಲ್ ಸಿಸ್ಟಮ್, ಬೂಟ್, ವರ್ಚುಯಲೈಸೇಶನ್. ನನ್ನ ಹೊಟ್ಟೆಪಾಡಿನ ಕೆಲಸ ಸ್ಟೋರೇಜ್ ಡ್ರೈವರ್‌ದು, ಇದು ಹವ್ಯಾಸ. ಈ ಊರಿಗೆ ಇದೇನು ಹೊಸದಲ್ಲ, 2001ರಲ್ಲಿ ಲಿನಕ್ಸ್ ಬೆಂಗಳೂರು ಅಂತ ಒಂದು ಓಪನ್ ಸೋರ್ಸ್ ಕಾನ್ಫರೆನ್ಸ್ ಶುರುವಾಗಿ ಆಮೇಲೆ ಫಾಸ್ ಡಾಟ್ ಇನ್ ಅಂತ ಹೆಸರು ಬದಲಾಯಿಸಿಕೊಂಡು 2012ರವರೆಗೆ ನಡೀತಲ್ಲ, ನಮ್ಮ ಕಮಿಟಿಯ ಹಿರಿಯರು ಎಲ್ಲಾ ಆ ಕಾಲದವರೇ, ಮೀಟಿಂಗ್‌ನಲ್ಲಿ ಯಾವುದಾದ್ರೂ ವಾದ ಗೆಲ್ಲಬೇಕಂದ್ರೆ "ನಿಮ್ಹಾನ್ಸ್ ಕನ್ವೆನ್ಶನ್ ಸೆಂಟರಲ್ಲಿ ನಾವು" ಅಂತ ಶುರು ಹಚ್ಕೋತಾರೆ, ಅಲ್ಲಿಗೆ ಮುಗೀತು.

ಪ್ರಪೋಸಲ್ ಕರೆಯೋ ಫಾರಂನಲ್ಲಿ ಮೊದಲು ಟೈಟಲ್, ಅಬ್‌ಸ್ಟ್ರಾಕ್ಟ್, ಬಯೋ ಅಂತ ಎಲ್ಲರ ಥರಾನೇ ಇತ್ತು. ಈಗ ಎರಡು ಪ್ರಶ್ನೆ ಸೇರಿಸಿದ್ದೀನಿ. ನೀವೇ ಕೈಯಾರೆ ಮಾಡಿದ್ದು, ಅಳೆದಿದ್ದು ಅಥವಾ ಮುರಿದು ನೋಡಿದ್ದು ಏನು? ಯಾವ ಕರ್ನಲ್ ವರ್ಷನ್ ಮೇಲೆ? ಈ ಎರಡಕ್ಕೆ ಬರೋ ಉತ್ತರ ನೋಡಿದ್ರೆ ಸಾಕು, ಅಬ್‌ಸ್ಟ್ರಾಕ್ಟ್ ಓದೋದೇ ಬೇಡ. ಇತ್ತೀಚೆಗೆ ಅಬ್‌ಸ್ಟ್ರಾಕ್ಟ್‌ಗಳೆಲ್ಲ ಚಾಟ್‌ಬಾಟ್ ಕೈಲಿ ಬರೆಸಿದ್ದು ಬರ್ತಿವೆ, ಒಂದಕ್ಕಿಂತ ಒಂದು ನುಣ್ಣಗೆ, ಆದ್ರೆ "ಯಾವ ವರ್ಷನ್" ಅನ್ನೋ ಜಾಗದಲ್ಲಿ "ಲೇಟೆಸ್ಟ್" ಅಂತ ಹಾಕಿರ್ತಾರೆ, ಅಲ್ಲೇ ಗೊತ್ತಾಗಿಬಿಡತ್ತೆ. ಕಂಪನಿಯವರು ಪ್ರಾಡಕ್ಟ್ ಮಾರೋಕೆ ಬರೋದನ್ನೂ ಇದೇ ಪ್ರಶ್ನೆ ಹಿಡಿಯತ್ತೆ. ಮೊದಲ ಸುತ್ತಲ್ಲಿ ಹೆಸರು, ಕಂಪನಿ ಎರಡೂ ಮುಚ್ಚಿಟ್ಟೇ ಓದ್ತೀವಿ, ಇಲ್ಲಾಂದ್ರೆ ಗೊತ್ತಿರೋ ಮುಖಗಳೇ ಪ್ರತಿ ಸಲ ಸ್ಟೇಜ್ ಮೇಲೆ.

ಒಂದು ಉದಾಹರಣೆ ಪೂರ್ತಿ ಹೇಳ್ತೀನಿ. "ಲಿನಕ್ಸ್ ಮೆಮೊರಿ ಮ್ಯಾನೇಜ್ಮೆಂಟ್ ಡೀಪ್ ಡೈವ್" ಅಂತ ಒಂದು ಪ್ರಪೋಸಲ್ ಬಂತು. ವರ್ಚುಯಲ್ ಮೆಮೊರಿ, ಪೇಜ್ ಟೇಬಲ್, ಟಿಎಲ್‌ಬಿ, ಬಡ್ಡಿ ಅಲೋಕೇಟರ್, ಸ್ಲ್ಯಾಬ್, ಸ್ವಾಪ್, ಸಿಗ್ರೂಪ್ (ಪ್ರೋಗ್ರಾಂಗಳ ಒಂದು ಗುಂಪಿಗೆ ಇಷ್ಟೇ ಮೆಮೊರಿ ಅಂತ ಲಿಮಿಟ್ ಹಾಕೋದು), ಕೊನೇಲಿ ಊಮ್ ಕಿಲ್ಲರ್ (ಮೆಮೊರಿ ಸಾಲದೇ ಹೋದಾಗ ಓಡ್ತಿರೋ ಪ್ರೋಗ್ರಾಮನ್ನ, ಅಂದ್ರೆ ಪ್ರೋಸೆಸ್ಸನ್ನ, ಕೊಲ್ಲೋ ಕರ್ನಲ್ ಭಾಗ). ಇಷ್ಟೂ ಮೂವತ್ತು ನಿಮಿಷಕ್ಕೆ! ಕಾಲೇಜಲ್ಲಿ ಇದಕ್ಕೆ ಅರ್ಧ ಸೆಮಿಸ್ಟರ್ ಕೊಡ್ತಾರೆ. ಕಮಿಟಿಯಲ್ಲಿ ಇಬ್ಬರು ರಿಜೆಕ್ಟ್ ಅಂದ್ರು, ನಾನು ಬೇಡ ಇರಲಿ ಅಂದೆ, ಯಾಕಂದ್ರೆ "ಏನು ಅಳೆದಿದ್ದೀರ" ಅನ್ನೋದಕ್ಕೆ ಅವರು ಒಂದೇ ಸಾಲು ಬರೆದಿದ್ರು, ಸಿಗ್ರೂಪ್‌ನ ಮೆಮೊರಿ ಲೆಕ್ಕ ಇರೋ ಮೆಮೊರಿ ಡಾಟ್ ಸ್ಟ್ಯಾಟ್ ಫೈಲನ್ನ ನಿಮಿಷಕ್ಕೊಂದು ಸಲ ಲಾಗ್ ಮಾಡಿದ್ವಿ ಅಂತ. ಸುಮ್ಮನೆ ಯಾರೂ ಹಾಗೆ ಮಾಡಲ್ಲ, ಏನೋ ಕಾಡಿದೆ ಅಂತ ಲೆಕ್ಕ.

ಫೋನ್ ಮಾಡಿದೆ. "ಮೇಡಂ, ಇದರಲ್ಲಿ ನಿಮ್ಮ ನಿದ್ದೆ ಕೆಡಿಸಿದ್ದು ಯಾವುದು?"

"ಅಯ್ಯೋ ಸರ್, ಅದೊಂದು ದೊಡ್ಡ ಕಥೆ. ನಮ್ಮದೊಂದು ಸರ್ವಿಸ್ ರಾತ್ರಿ ಬ್ಯಾಕಪ್ ಟೈಮಿಗೆ ಸರಿಯಾಗಿ ಸಾಯ್ತಿತ್ತು. ಫ್ರೀ ಕಮಾಂಡ್ ಹೊಡೆದ್ರೆ ಮೆಷಿನ್‌ನಲ್ಲಿ ಬೇಕಾದಷ್ಟು ಮೆಮೊರಿ ಖಾಲಿ. ರೀಸ್ಟಾರ್ಟ್ ಮಾಡಿದ್ರೆ ಸ್ವಲ್ಪ ಹೊತ್ತಿಗೆ ಮತ್ತೆ ಸಾಯ್ತಿತ್ತು."

"ಕೊಲ್ತಿದ್ದಿದ್ದು ಯಾರು?"

"ಊಮ್ ಕಿಲ್ಲರ್ರೇ, ಆದ್ರೆ ಇಡೀ ಮೆಷಿನ್‌ದಲ್ಲ, ಸಿಗ್ರೂಪ್ ಲಿಮಿಟ್‌ದು."

ಆಮೇಲೆ ಅವರು ಹೇಳಿದ್ದನ್ನ ಕೇಳ್ತಾ ಕೂತವನಿಗೆ ಕಾಫಿ ಆರಿಹೋಗಿದ್ದೇ ಗೊತ್ತಾಗಲಿಲ್ಲ. ಬ್ಯಾಕಪ್ ಸ್ಕ್ರಿಪ್ಟು ತನ್ನ ಟೆಂಪರರಿ ಫೈಲ್ ಬರೀತಿದ್ದಿದ್ದು ಟಿಎಂಪಿಎಫ್‌ಎಸ್ ಮೇಲೆ, ಅದು ನೋಡೋಕೆ ಡಿಸ್ಕಿನ ಫೋಲ್ಡರ್ ಥರ ಇದ್ರೂ ಇರೋದು ರ‍್ಯಾಮಲ್ಲಿ, ಅದರ ಲೆಕ್ಕ ಬರೆದ ಸಿಗ್ರೂಪ್‌ನ ಖಾತೆಗೇ ಬೀಳತ್ತೆ. ಮಾಮೂಲಿ ಡಿಸ್ಕ್ ಫೈಲಿನ ಪೇಜ್ ಕ್ಯಾಶ್ (ರ‍್ಯಾಮಲ್ಲಿರೋ ಅದರ ಕಾಪಿ) ಆದ್ರೆ ಒತ್ತಡ ಬಂದಾಗ ಕರ್ನಲ್ ಬಿಸಾಕಬಹುದು, ಇದನ್ನ ಬಿಸಾಕೋಕಾಗಲ್ಲ, ಬೇರೆ ಕಾಪಿ ಎಲ್ಲೂ ಇಲ್ಲ, ಅವರ ಮೆಷಿನ್‌ನಲ್ಲಿ ಮೆಮೊರಿಯಲ್ಲಿರೋದನ್ನ ಡಿಸ್ಕಿಗೆ ಸರಿಸೋ ಸ್ವಾಪ್ ಕೂಡ ಆಫ್. ಸರಿ, ಲಿಮಿಟ್ ಮುಟ್ಟಿತು, ಕಿಲ್ಲರ್ ಬಂತು, ಪ್ರೋಸೆಸ್ ಕೊಂದಿತು. ಪ್ರೋಸೆಸ್ ಸತ್ರೂ ಫೈಲ್ ಅಲ್ಲೇ ಇರತ್ತಲ್ಲ! ಅದಕ್ಕೇ ರೀಸ್ಟಾರ್ಟ್ ಆದ್ಮೇಲೆ ಇನ್ನೂ ಬೇಗ ಸಾಯೋದು. ಮೆಮೊರಿ ಡಾಟ್ ಸ್ಟ್ಯಾಟ್‌ನಲ್ಲಿ ಟಿಎಂಪಿಎಫ್‌ಎಸ್ ಲೆಕ್ಕ ತೋರಿಸೋ ಎಸ್‌ಎಚ್‌ಮೆಮ್ ಅನ್ನೋ ಸಾಲು ಮಾತ್ರ ಏರ್ತಾ ಏರ್ತಾ ಹೋಗಿತ್ತು, ಇಳಿದೇ ಇರಲಿಲ್ಲ.

"ಮೇಡಂ, ಇದೇ ನಿಮ್ಮ ಟಾಕು, ಉಳಿದಿದ್ದೆಲ್ಲ ತೆಗೀರಿ" ಅಂದೆ. ಅವರಿಗೆ ಅನುಮಾನ, ಇಷ್ಟು ಸಣ್ಣದಾ, ಜನ ಏನನ್ಕೋತಾರೆ ಅಂತ. ಪೇಜ್ ಟೇಬಲ್, ಟಿಎಲ್‌ಬಿ, ಬಡ್ಡಿ ಎಲ್ಲ ಹೋಯ್ತು. ಒಂದು ಪೇಜ್ (ಮೆಮೊರಿಯ ಒಂದು ತುಂಡು) ಯಾರ ಖಾತೆಗೆ ಬೀಳತ್ತೆ, ಯಾವಾಗ ಖಾತೆಯಿಂದ ಇಳಿಯತ್ತೆ ಅನ್ನೋದಷ್ಟೇ ಥಿಯರಿ ಉಳೀತು. ಟೈಟಲ್ "ಮೆಷಿನ್ ತುಂಬಾ ಮೆಮೊರಿ ಇದ್ರೂ ನಮ್ಮ ಪ್ರೋಸೆಸ್ ಸತ್ತಿದ್ದು ಯಾಕೆ?" ಅಂತಾಯ್ತು. ಕೊನೇಲಿ ಐದು ನಿಮಿಷ ಪ್ರೆಶರ್ ಸ್ಟಾಲ್ ಇನ್ಫರ್ಮೇಶನ್ ಬಗ್ಗೆ ಇಡಿಸಿದೆ, 4.20 ಕರ್ನಲ್‌ನಿಂದ ಇದೆ, ಮೆಮೊರಿಗಾಗಿ ಕೆಲಸಗಳು ಎಷ್ಟು ಹೊತ್ತು ಕಾಯ್ತಾ ನಿಂತಿದ್ವು ಅಂತ ಶೇಕಡಾವಾರು ತೋರಿಸತ್ತೆ, ಕಿಲ್ಲರ್ ಬರೋಕೆ ಮುಂಚೆ ಎಚ್ಚರಿಕೆ ಸಿಗೋ ಜಾಗ ಅದು. ಆ ದಿನ ಅತಿ ಹೆಚ್ಚು ಪ್ರಶ್ನೆ ಬಂದಿದ್ದು ಈ ಟಾಕಿಗೇ, ಲಂಚ್ ಲೈನ್‌ನಲ್ಲೂ ಅವರನ್ನ ಬಿಟ್ಟಿರಲಿಲ್ಲ.

ಕರ್ನಲ್ ವಿಷಯದ ಟಾಕ್‌ಗಳಿಗೆ ಇನ್ನೊಂದು ತಾಪತ್ರಯ ಇದೆ, ಬೇರೆ ಕಾನ್ಫರೆನ್ಸ್‌ನವರಿಗೆ ಅಷ್ಟು ತಟ್ಟಲ್ಲ ಅನ್ಸತ್ತೆ. ಒಂಬತ್ತು ಹತ್ತು ವಾರಕ್ಕೊಂದು ಹೊಸ ಕರ್ನಲ್ ಬರತ್ತೆ, ನಾವು ಪ್ರಪೋಸಲ್ ತಗೊಂಡು ಸ್ಟೇಜ್ ಹತ್ತಿಸೋ ಹೊತ್ತಿಗೆ ಎರಡು ರಿಲೀಸ್ ದಾಟಿರತ್ತೆ. 2024ರಲ್ಲಿ ಒಬ್ಬರು ರಿಯಲ್ ಟೈಮ್ ಪ್ಯಾಚ್ (ಹೇಳಿದ ಹೊತ್ತಿಗೇ ಕೆಲಸ ಆಗೋ ಹಾಗೆ ಕರ್ನಲ್‌ಗೆ ಮಾಡೋ ಮಾರ್ಪಾಡು) ಹಾಕೋದು ಹೇಗೆ ಅಂತ ಪ್ರಪೋಸಲ್ ಕೊಟ್ಟಿದ್ರು, ಫ್ಯಾಕ್ಟರಿ ಮೆಷಿನ್ ಕಂಟ್ರೋಲರ್ ಮಾಡೋರು, ಚೆನ್ನಾಗಿತ್ತು, ಒಪ್ಪಿದ್ವಿ. ಸೆಪ್ಟೆಂಬರಲ್ಲಿ ವಿಯೆನ್ನಾದಲ್ಲಿ ಕರ್ನಲ್ ಭಾಗಗಳನ್ನ ನೋಡ್ಕೊಳ್ಳೋ ಮೇಂಟೇನರ್‌ಗಳೆಲ್ಲ ಸೇರಿದ್ದಾಗ ಥಾಮಸ್ ಗ್ಲೈಕ್ಸ್‌ನರ್ ಆ ಪ್ಯಾಚ್ ಸೇರಿಸ್ಕೊಳ್ಳಿ ಅನ್ನೋ ಪುಲ್ ರಿಕ್ವೆಸ್ಟನ್ನ ಪ್ರಿಂಟ್ ತೆಗೆದು ಚಿನ್ನದ ಬಣ್ಣದ ಕಾಗದದಲ್ಲಿ ಸುತ್ತಿ ಲಿನಕ್ಸ್ ಶುರು ಮಾಡಿದ ಲೀನಸ್ ಟೋರ್ವಾಲ್ಡ್ಸ್ ಕೈಗೇ ಕೊಟ್ರು, 6.12ರಲ್ಲಿ ಮೇನ್‌ಲೈನ್‌ಗೆ, ಅಂದ್ರೆ ಅಧಿಕೃತ ಕರ್ನಲ್‌ಗೆ, ಸೇರಿಹೋಯ್ತು. ಸುಮಾರು ಇಪ್ಪತ್ತು ವರ್ಷ ಹೊರಗಿದ್ದ ಪ್ಯಾಚು! ಎಲ್ಲರಿಗೂ ಖುಷಿ, ನಮ್ಮ ಸ್ಪೀಕರ್ ಮಾತ್ರ ಫೋನ್ ಮಾಡಿ "ಸರ್, ಈಗ ನನ್ನ ಟಾಕೇ ಇಲ್ವಲ್ಲ" ಅಂದ್ರು.

ಇತ್ತು. ಪ್ಯಾಚ್ ಹಾಕೋ ತಲೆನೋವು ಹೋದ್ಮೇಲೂ ನಿಮ್ಮ ಬೋರ್ಡ್‌ನಲ್ಲಿ ಲೇಟೆನ್ಸಿ (ಕೆಲಸ ಶುರುವಾಗೋಕೆ ಆಗೋ ತಡ) ಸರಿ ಹೋಯ್ತಾ ಅಂತ ಕೇಳಿದೆ. ಇಲ್ಲ, ಆ ತಡ ಅಳೆಯೋ ಸೈಕ್ಲಿಕ್‌ಟೆಸ್ಟ್ ರಾತ್ರಿಯಿಡೀ ಓಡಿಸಿದ್ರೆ ಗ್ರಾಫು ನೆಲಕ್ಕಂಟಿಕೊಂಡು ಬಂದು ಮಧ್ಯೆ ಎಲ್ಲೋ ಒಂದು ಮೊಳೆ ಥರ ಎದ್ದು ನಿಲ್ಲತ್ತೆ ಅಂದ್ರು. ಹಾರ್ಡ್‌ವೇರ್ ಲೇಟೆನ್ಸಿ ಟ್ರೇಸರ್ ಓಡಿಸಿ ನೋಡಿದ್ರೆ ಅದು ಕರ್ನಲ್‌ದೇ ಅಲ್ಲ, ಬಯೋಸ್‌ನವರು (ಬೋರ್ಡಿನ ಫರ್ಮ್‌ವೇರ್ ಬರೆಯೋರು) ಇಟ್ಟ ಸಿಸ್ಟಮ್ ಮ್ಯಾನೇಜ್ಮೆಂಟ್ ಇಂಟರಪ್ಟು. ಅದು ಬಂದಾಗ ಸಿಪಿಯು ಫರ್ಮ್‌ವೇರ್ ಕೈಗೆ ಹೋಗಿಬಿಡತ್ತೆ, ಆಪರೇಟಿಂಗ್ ಸಿಸ್ಟಮ್‌ಗೆ ತನ್ನನ್ನ ಪಕ್ಕಕ್ಕೆ ಸರಿಸಿದ್ದೂ ಗೊತ್ತಾಗಲ್ಲ. ಹೊಸ ಟಾಕು ಆ ಮೊಳೆ ಹುಡುಕಿದ ಕಥೆ. ಹಳೇದಕ್ಕಿಂತ ನೂರು ಪಾಲು ವಾಸಿ ಇತ್ತು.

ಇದಾದ್ಮೇಲೆ ಕಾರ್ಯಕ್ರಮಕ್ಕೆ ಮೂರು ವಾರ ಇದ್ದಾಗ ಎಲ್ಲಾ ಸ್ಪೀಕರ್‌ಗೂ ಒಂದು ಮೇಲ್ ಹೋಗತ್ತೆ, ನೀವು ಹೇಳ್ತಿರೋದು ಈಗಿನ ಕರ್ನಲ್‌ನಲ್ಲೂ ನಿಜಾನಾ ನೋಡಿ ಅಂತ. ಶೆಡ್ಯೂಲರ್ (ಯಾವ ಪ್ರೋಸೆಸ್‌ಗೆ ಯಾವಾಗ ಸಿಪಿಯು ಅಂತ ನಿರ್ಧರಿಸೋದು) ಬಗ್ಗೆ ಮಾತಾಡೋರು ಇನ್ನೂ ಸಿಎಫ್‌ಎಸ್ ಅನ್ನೋ ಹಳೇ ಶೆಡ್ಯೂಲರ್ ಚಿತ್ರ ಹಾಕ್ಕೊಂಡು ಬರ್ತಾರೆ, 2007ರಲ್ಲಿ ಬಂದಿದ್ದದು, 2023ರ 6.6ರಿಂದ ಆ ಜಾಗದಲ್ಲಿ ಇಇವಿಡಿಎಫ್ ಕೂತಿದೆ. ಹಳೇದು ಹೇಳಬಾರದು ಅಂತಲ್ಲ, ತುಂಬಾ ಕಂಪನಿಗಳಲ್ಲಿ ಇನ್ನೂ 5.15 ಓಡ್ತಿರತ್ತೆ, ಸ್ಲೈಡ್ ಮೂಲೇಲಿ ವರ್ಷನ್ ನಂಬರ್ ಹಾಕಿ ಸಾಕು.

ಹೊರಗಿನವರಿಂದ ಕದ್ದಿದ್ದೂ ಇದೆ. ಲಿನಕ್ಸ್ ಪ್ಲಂಬರ್ಸ್ ಕಾನ್ಫರೆನ್ಸ್ 2008ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಶುರುವಾಗಿದ್ದು, ಅಲ್ಲಿ ಮೈಕ್ರೋಕಾನ್ಫರೆನ್ಸ್ ಅಂತ ಮಾಡ್ತಾರೆ, ಮುಗಿದ ಕೆಲಸ ಪ್ರದರ್ಶನಕ್ಕಿಡೋದಲ್ಲ, ಬಗೆಹರೀದೇ ಇರೋ ಸಮಸ್ಯೆ ಇಟ್ಕೊಂಡು ಆ ಕೋಡ್ ಬರೆಯೋರು ಒಂದೇ ರೂಮಲ್ಲಿ ಕೂತು ಜಗಳ ಆಡೋದು. ನಮ್ಮಲ್ಲಿ ಅಷ್ಟು ಮೇಂಟೇನರ್‌ಗಳು ಎಲ್ಲಿಂದ ಬರ್ಬೇಕು, ಆದ್ರೂ ಮಧ್ಯಾಹ್ನ ಒಂದು ಗಂಟೆ ಹೊತ್ತಿನ, ಸ್ಲೈಡ್ ಇಲ್ಲದ ಸೆಶನ್ ಇಟ್ಟಿದ್ದೀವಿ. ಮೊದಮೊದಲು ಯಾರೂ ಬಾಯಿ ಬಿಡಲ್ಲ, ಒಬ್ಬರು ತಮ್ಮ ಡಿಮೆಸ್ಗ್ (ಕರ್ನಲ್ ಲಾಗ್) ಔಟ್‌ಪುಟ್ ಸ್ಕ್ರೀನ್ ಮೇಲೆ ಹಾಕಿದ ಮೇಲೆ ನೋಡ್ಬೇಕು. ಬ್ರಸೆಲ್ಸ್‌ನ ಫಾಸ್‌ಡೆಮ್ ಕಾನ್ಫರೆನ್ಸ್‌ನಿಂದ ತಗೊಂಡಿದ್ದು ಅಂದ್ರೆ ಡೆವ್‌ರೂಮ್ ಐಡಿಯಾ, ಒಂದೊಂದು ವಿಷಯದ ರೂಮನ್ನ ಆ ವಿಷಯದವರಿಗೇ ಬಿಟ್ಟುಕೊಡೋದು. ನಮಗಿರೋದು ಒಂದು ಹಾಲ್, ಅದಕ್ಕೆ ರೂಮಿನ ಬದಲು ಎರಡೆರಡು ಗಂಟೆ ಬಿಟ್ಟುಕೊಡ್ತೀವಿ, ಫೈಲ್ ಸಿಸ್ಟಮ್ ಎರಡು ಗಂಟೆ ಒಬ್ಬರ ಜವಾಬ್ದಾರಿ, ಬೂಟ್ ಮತ್ತೆ ಫರ್ಮ್‌ವೇರ್ ಇನ್ನೊಬ್ಬರದು.

ಎಸ್‌ಒಎಸ್‌ಪಿ ಥರದ ಅಕಾಡೆಮಿಕ್ ಕಾನ್ಫರೆನ್ಸ್ ದಾರಿನೇ ಬೇರೆ, ಅಲ್ಲಿ ಪೇಪರ್ ಮುಖ್ಯ, ಟಾಕು ಅದರ ನೆರಳು. ಹಾಗಂತ ಟಾಕಿಗೆ ಬೆಲೆ ಇಲ್ಲ ಅಂತಲ್ಲ, 1973ರ ಅಕ್ಟೋಬರ್‌ನಲ್ಲಿ ಕೆನ್ ಥಾಂಪ್ಸನ್ ಮತ್ತೆ ಡೆನಿಸ್ ರಿಚಿ ತಾವು ಬರೆದ ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಒಂದಿದೆ ಅಂತ ಹೊರಗಿನ ಜನಕ್ಕೆ ಹೇಳಿದ್ದು ಅಂಥದೇ ಒಂದು ವೇದಿಕೆಯಲ್ಲಿ, ಆಮೇಲೆ ನಮಗೂ ಒಂದು ಕಾಪಿ ಕೊಡಿ ಅಂತ ಯೂನಿವರ್ಸಿಟಿಗಳಿಂದ ಸಾಲು ಸಾಲು ಪತ್ರ.

ಜೋಡಿಸೋದ್ರಲ್ಲಿ ನನ್ನ ರೂಲ್ ಕಮ್ಮಿ. ಒಂದು ಟಾಕು ಇನ್ನೊಂದಕ್ಕೆ ಮೆಟ್ಟಿಲಾಗ್ಬೇಕು: ಇಇವಿಡಿಎಫ್ ಹೇಳಿದ್ಮೇಲೆ ಬಿಪಿಎಫ್‌ನಲ್ಲಿ (ಓಡ್ತಿರೋ ಕರ್ನಲ್ ಒಳಗೆ ಸಣ್ಣ ಪ್ರೋಗ್ರಾಂ ಹಾಕೋ ದಾರಿ) ನಿಮ್ಮದೇ ಶೆಡ್ಯೂಲರ್ ಬರೆಯೋ ಸ್ಕೆಡ್ ಎಕ್ಸ್ಟ್, ಪೇಜ್ ಕ್ಯಾಶ್ ಹೇಳಿದ್ಮೇಲೆ ಪೇಜುಗಳನ್ನ ಗುಂಪಾಗಿ ಹಿಡಿಯೋ ಫೋಲಿಯೋ. ಉಲ್ಟಾ ಹಾಕಿದ್ರೆ ಮೊದಲನೇ ಸ್ಪೀಕರ್ ಅರ್ಧ ಟೈಮು ಎರಡನೇಯವರ ಪಾಠ ಮಾಡ್ಬೇಕಾಗತ್ತೆ. ಊಟ ಆದ್ಮೇಲಿನ ಸ್ಲಾಟಿಗೆ ಏನಾದ್ರೂ ಕಣ್ಣೆದುರು ಕ್ರ್ಯಾಶ್ ಆಗೋ ಟಾಕು. ಬಿಸಿಬೇಳೆಬಾತ್ ತಿಂದು ಬಂದೋರ ಮುಂದೆ ಲಾಕಿಂಗ್ ಥಿಯರಿ ಇಡೋದು ಪಾಪದ ಕೆಲಸ.

ಡೆಮೊಗೆ ಮಾತ್ರ ನಾನು ಕಟ್ಟುನಿಟ್ಟು. ಕರ್ನಲ್ ಪ್ಯಾನಿಕ್ (ಕರ್ನಲ್ಲೇ ಕುಸಿದು ನಿಲ್ಲೋದು) ತೋರಿಸೋದಾದ್ರೆ ಕ್ಯೂಎಮು ಅನ್ನೋ ವರ್ಚುಯಲ್ ಮೆಷಿನ್ ಒಳಗೇ, ಸ್ಲೈಡ್ ಓಡ್ತಿರೋ ಲ್ಯಾಪ್‌ಟಾಪ್ ಮೇಲಲ್ಲ. ವರ್ಟ್‌ಮಿ ಎನ್‌ಜಿ ಅನ್ನೋ ಟೂಲ್ ಇದ್ರೆ ನೀವು ಬಿಲ್ಡ್ ಮಾಡಿದ ಕರ್ನಲ್ ಕೆಲವೇ ಸೆಕೆಂಡಲ್ಲಿ ಬೂಟ್ ಆಗತ್ತೆ, ಬೂಟ್ ಆಗೋವರೆಗೂ ಜೋಕ್ ಹೇಳೋ ಕಷ್ಟ ತಪ್ಪತ್ತೆ. ಅದೇ ಡೆಮೊ ರೆಕಾರ್ಡ್ ಮಾಡಿಟ್ಕೊಂಡಿರ್ಬೇಕು. ಟರ್ಮಿನಲ್ ಬಿಳಿ ಹಿನ್ನೆಲೆ, ದೊಡ್ಡ ಅಕ್ಷರ, ಮತ್ತೆ ಸ್ಕ್ರೀನಿನ ಕೆಳಗಿನ ಕಾಲು ಭಾಗ ಖಾಲಿ, ಯಾಕಂದ್ರೆ ಹಿಂದಿನ ಸಾಲಲ್ಲಿರೋರಿಗೆ ಅಲ್ಲಿ ಕಾಣೋದು ಮುಂದಿನವರ ತಲೆ, ಪ್ಯಾನಿಕ್ ಆದಾಗ ನೋಡ್ಬೇಕಾದ ಸಾಲುಗಳು ಬಂದು ಬೀಳೋದೂ ಸರಿಯಾಗಿ ಅಲ್ಲೇ.

ಒಬ್ಬ ಹುಡುಗ, ಹುಬ್ಬಳ್ಳಿ ಕಡೆಯವನು, ಫೈನಲ್ ಇಯರ್, ರಿಸ್ಕ್ ಫೈವ್ ಚಿಪ್ ಇರೋ ಬೋರ್ಡ್ ಮೇಲೆ ತಾನೇ ಬರೆದ ಪುಟ್ಟ ಕರ್ನಲ್ ಬೂಟ್ ಮಾಡಿದ್ದ. ಪ್ರಾಕ್ಟೀಸ್ ಕಾಲ್‌ನಲ್ಲಿ ಇಂಗ್ಲಿಷಲ್ಲಿ ಓದಿಕೊಂಡು ಹೋಗ್ತಿದ್ದ, ಜೀವ ಇರಲಿಲ್ಲ. ಆಮೇಲೆ ಮೆಲ್ಲಗೆ "ಸರ, ಕನ್ನಡದಾಗ ಹೇಳ್ಲೇನ್ರಿ?" ಅಂದ. ಹೇಳಪ್ಪ ಅಂದೆ. ಮೊದಲ ಸಲ ಟ್ರ್ಯಾಪ್ ಹ್ಯಾಂಡ್ಲರ್ (ತಪ್ಪು, ಇಂಟರಪ್ಟ್ ಬಂದಾಗ ಓಡೋ ಕೋಡ್) ಒಳಗೆ ಇನ್ನೊಂದು ಟ್ರ್ಯಾಪ್ ಬಂದು ಬೋರ್ಡ್ ಸುಮ್ಮನೆ ಕೂತಿದ್ದನ್ನ ಅವನು ಹೇಳಿದ ರೀತಿ ಕೇಳಿ ಕಾಲ್‌ನಲ್ಲಿದ್ದ ನಾವೆಲ್ಲ ನಕ್ಕುಬಿಟ್ವಿ. ಸ್ಲೈಡ್ ಇಂಗ್ಲಿಷಲ್ಲೇ ಇಟ್ಟು ಮಾತು ಕನ್ನಡದಲ್ಲಿ ಮಾಡಿಸಿದ್ವಿ, ಕನ್ನಡ ಬರದವರು ಸ್ಲೈಡ್ ಓದ್ಕೊಂಡ್ರು, ಪ್ರಶ್ನೆ ಎರಡೂ ಭಾಷೇಲಿ ಬಂತು. ಈಗ ಫಾರಂನಲ್ಲಿ ಯಾವ ಭಾಷೆ ಅಂತಾನೂ ಒಂದು ಕಾಲಂ ಇದೆ.

ಇನ್ನು ರಿಜೆಕ್ಷನ್ ಮೇಲ್. ಎಲ್ಲರಿಗೂ ಒಂದೇ ಒಕ್ಕಣೆ ಕಳಿಸಬಾರದು ಅಂತ ಕಮಿಟಿಯಲ್ಲಿ ಹಠ ಹಿಡಿದಿದ್ದೀನಿ, ಒಂದು ಸಾಲಾದ್ರೂ ಕಾರಣ ಬೇಕು: ಅಳತೆ ಇಲ್ಲ, ಇದೇ ವಿಷಯ ಇನ್ನೊಂದು ಬಂದಿತ್ತು, ತುಂಬಾ ಅಗಲ ಆಯ್ತು, ಹೀಗೆ. ಕಾರಣ ಕೊಟ್ರೆ ವಾದಕ್ಕೆ ಬರ್ತಾರೆ ಅಂತ ಕೆಲವರ ಭಯ, ಬರ್ತಾರೆ, ಬರಲಿ, ಮುಂದಿನ ವರ್ಷ ಅದೇ ವಾದಾನ ಗ್ರಾಫ್ ಜೊತೆ ಕಳಿಸಿದವರೂ ಇದ್ದಾರೆ. ಕೂದಲೆಳೆಯಲ್ಲಿ ತಪ್ಪಿಹೋದ ಇಬ್ಬರನ್ನ ವೇಟಿಂಗ್‌ನಲ್ಲಿಟ್ಟು, ಸ್ಲೈಡ್ ರೆಡಿ ಇಟ್ಕೊಳ್ಳಿ ಅಂತ ಮೊದಲೇ ಹೇಳಿರ್ತೀವಿ, ಪಾಸ್ ಮಾತ್ರ ಅವರಿಗೆ ಫ್ರೀ, ಸ್ಲಾಟ್ ಸಿಗಲಿ ಬಿಡಲಿ. ಯಾರಿಗಾದ್ರೂ ಹಿಂದಿನ ರಾತ್ರಿ ಪ್ರೊಡಕ್ಷನ್ ಬಿದ್ದು ಬರೋಕಾಗಲ್ಲ ಅನ್ನೋ ಮೆಸೇಜ್ ಪ್ರತಿ ವರ್ಷ ಬಂದೇ ಬರತ್ತೆ.